ಕಾಗದಕ್ಕೆ ಬಂದ ಕೌದಿ

"ಏನ್ ಮಾರಾಕತ್ತೀ ನೀ? ಕೌದಿನಾ?"

"ಅಲ್ಲ ದೊಡ್ಡವ್ವಾ, ಕೌದಿ ಹೆಂಗ ಹೊಲೀಬೇಕು ಅಂತ ಬರೆದ ಕಾಗದ."

"ಬರೇ ಕಾಗದಕ್ಕ ರೊಕ್ಕ ಕೊಡ್ತಾರ? ಹುಚ್ಚ ಮಂದಿ ಬಿಡು."

ಕಲಘಟಗಿ ಹತ್ತಿರದ ಹಳ್ಳಿಯ ಪಡಸಾಲೆಯಲ್ಲಿ ಕುಳಿತು ದೊಡ್ಡವ್ವ ಹೀಗೆ ನಕ್ಕಿದ್ದು ಹೋದ ವರ್ಷದ ದೀಪಾವಳಿಯಲ್ಲಿ. ಆಮೇಲೆ ಅವಳು ಹೇಳಿದ ಇನ್ನೊಂದು ಮಾತು ನನ್ನನ್ನು ಪುಣೆಯವರೆಗೂ ಬೆನ್ನಟ್ಟಿ ಬಂತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ಹುಚ್ಚು ಮಂದಿಯ ಕಥೆ. ಅದು ನಾನು ಅಂದುಕೊಂಡಿದ್ದಕ್ಕಿಂತ ಹಳೆಯದು.

ನನ್ನ ವ್ಯಾಪಾರ ಬಹಳ ಸಣ್ಣದು. ಕೋಥ್ರೂಡಿನ ಎರಡು ಕೋಣೆಯ ಮನೆಯಲ್ಲಿ ಒಂದು ಮೇಜು, ಒಂದು ಹೊಲಿಗೆ ಯಂತ್ರ, ಒಂದು ಲ್ಯಾಪ್‌ಟಾಪ್. ಸಾಫ್ಟ್‌ವೇರ್ ಕೆಲಸ ಬಿಟ್ಟು ನಾಲ್ಕು ವರ್ಷಗಳಾದವು. ನಾನು ಮಾರುವುದು ಹತ್ತು ಹನ್ನೆರಡು ಪುಟಗಳ ಪಿಡಿಎಫ್. ಯಾವ ಬಟ್ಟೆ ಎಷ್ಟು ಬೇಕು, ಹೇಗೆ ಕತ್ತರಿಸಬೇಕು, ಯಾವ ತುಂಡಿಗೆ ಯಾವುದನ್ನು ಜೋಡಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಬೆಲೆ 350 ರೂಪಾಯಿ. ಬೆಂಗಳೂರು, ಚೆನ್ನೈಯವರು ಕೊಳ್ಳುತ್ತಾರೆ, ಹೊರದೇಶದವರು ಇನ್ನೂ ಹೆಚ್ಚು.

ಕೇಳಲು ಸುಲಭ. ಆದರೆ ಕೈಗೆ ಗೊತ್ತಿರುವುದನ್ನು ಕಾಗದಕ್ಕೆ ತರುವುದು ಲೆಕ್ಕದ ಕೆಲಸ. ಒಂದು ಉದಾಹರಣೆ ಕೊಡುತ್ತೇನೆ. ಎರಡು ತ್ರಿಕೋನ ಕೂಡಿಸಿ ಮೂರು ಇಂಚಿನ ಒಂದು ಚೌಕ ಮಾಡಬೇಕು ಅನ್ನಿ. ಬಟ್ಟೆಯನ್ನು ಮೂರು ಇಂಚಿಗೇ ಕತ್ತರಿಸಿದರೆ ಕೆಟ್ಟಿತು. ಹೊಲಿಗೆಗಾಗಿ ಎಲ್ಲ ಬದಿಗೂ ಕಾಲು ಇಂಚು ಬಿಡಬೇಕು, ಓರೆ ಬದಿ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಹಾಗಾಗಿ ಚೌಕವನ್ನು 3⅞ ಇಂಚಿಗೆ ಕತ್ತರಿಸಿ, ಆಮೇಲೆ ಓರೆಯಾಗಿ ಸೀಳಬೇಕು. ಎಂಟನೇ ಒಂದು ಇಂಚು ತಪ್ಪಿದರೂ ಇಪ್ಪತ್ತು ಚೌಕ ಸಾಲಾಗಿ ಜೋಡಿಸುವ ಹೊತ್ತಿಗೆ ಎರಡೂವರೆ ಇಂಚು ತಪ್ಪಿರುತ್ತದೆ. ದೊಡ್ಡವ್ವ ಇಂಚುಪಟ್ಟಿಯನ್ನು ಮುಟ್ಟಿದವಳಲ್ಲ. ಹಳೆಯ ಇಳಕಲ್ ಸೀರೆ ಹಾಸಿ, ಮೇಲೆ ತುಂಡು ಇಟ್ಟು, ಅಂಚು ಮಡಚಿ, ಹೊಲಿಯುತ್ತ ಹೋಗುವವಳು. ಹೆಚ್ಚಾದರೆ ಮಡಚು, ಕಡಿಮೆಯಾದರೆ ಇನ್ನೊಂದು ತುಂಡು ಹಚ್ಚು. ಅವಳಿಗೆ ತಪ್ಪು ಎಂಬುದೇ ಇಲ್ಲ.

ಹೀಗೆ ಕೈಯ ತಿಳಿವಳಿಕೆಯನ್ನು ಕಾಗದ ಮಾಡಿ ಮಾರಬಹುದು ಎಂದು ಲೋಕಕ್ಕೆ ತೋರಿಸಿದವರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಬ್ಬ ದರ್ಜಿ ಮುಖ್ಯ. ಎಬನೀಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಅಳತೆಯ ಉಡುಪುಗಳ ಕಾಗದದ ಪ್ಯಾಟರ್ನ್ ಮಾರತೊಡಗಿದ. ಅದಾಗಿ ಕಾಲು ಶತಮಾನಕ್ಕೆ, 1889ರಲ್ಲಿ, ಸೇಂಟ್ ಲೂಯಿಸ್ ನಗರದ ಬ್ರಾಕ್‌ಸ್ಟೆಟ್ ಎಂಬ ಮನೆತನ ಲೇಡೀಸ್ ಆರ್ಟ್ ಕಂಪನಿ ಎಂಬ ಅಂಗಡಿ ತೆರೆದು, ಕ್ವಿಲ್ಟ್‌ನ ಪ್ಯಾಟರ್ನ್‌ಗಳನ್ನು ಅಂಚೆಯಲ್ಲಿ ಕಳಿಸತೊಡಗಿತು. ಕ್ವಿಲ್ಟ್ ಎಂದರೆ ಅವರ ಕೌದಿಯೇ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಹತ್ತಿ, ಮೂರನ್ನೂ ಹಿಡಿದಿಡುವ ಹೊಲಿಗೆ. 1896ರಿಂದ ಅಲ್ಲಿನ ಅಂಚೆ ಹಳ್ಳಿಯ ತೋಟದ ಮನೆಗಳ ಬಾಗಿಲಿಗೂ ಬರತೊಡಗಿದ್ದು ಇಂಥ ವ್ಯಾಪಾರಕ್ಕೆ ದೊಡ್ಡ ಅನುಕೂಲವಾಯಿತು. ಪುಟ್ಟ ಚಿತ್ರಗಳ ಕ್ಯಾಟಲಾಗು ನೋಡಿ, ನಂಬರು ಬರೆದು, ಚಿಲ್ಲರೆ ಕಳಿಸಿದರೆ ಪ್ಯಾಟರ್ನ್ ಮನೆಗೆ ಬರುತ್ತಿತ್ತು.

ಆ ಕ್ಯಾಟಲಾಗಿನಲ್ಲಿ ನೂರಾರು ವಿನ್ಯಾಸಗಳಿದ್ದವು. ಹೆಚ್ಚಿನವು ಅಜ್ಜಿಯರಿಂದ ಮೊಮ್ಮಕ್ಕಳಿಗೆ, ನೆರೆಯವರಿಂದ ನೆರೆಯವರಿಗೆ ದಾಟಿ ಬಂದಂಥವು. ಕಾಗದಕ್ಕೆ ಬಂದ ಮೇಲೆ ಅವಕ್ಕೆ ಒಂದು ಹೆಸರು, ಒಂದು ನಂಬರು, ಒಂದು ಬೆಲೆ ಬಂತು. ಮಾಡಿದವಳ ಹೆಸರು ಮಾತ್ರ ಬರಲಿಲ್ಲ. ಊರಿನ ಬಾವಿಯ ನೀರನ್ನು ಶೀಶೆಯಲ್ಲಿ ತುಂಬಿ ಚೀಟಿ ಅಂಟಿಸಿದ ಹಾಗೆ.

ಹೆಸರು ಹಾಕಿ ಮಾರಿದವರಲ್ಲಿ ನನಗೆ ತೀರ ಹತ್ತಿರದವಳು ಎನಿಸುವುದು ಮೇರಿ ವೆಬ್‌ಸ್ಟರ್. ಇಂಡಿಯಾನಾ ರಾಜ್ಯದ ಮೇರಿಯನ್ ಎಂಬ ಊರಿನ ಗೃಹಿಣಿ, ಹುಟ್ಟಿದ್ದು 1859ರಲ್ಲಿ. ಮೊದಲ ಕ್ವಿಲ್ಟ್ ವಿನ್ಯಾಸ ಮಾಡಿದಾಗ ಆಕೆಗೆ ವಯಸ್ಸು ಐವತ್ತು! ಮೂವತ್ತೆಂಟಕ್ಕೆ ಕೆಲಸ ಬಿಟ್ಟ ನನಗೆ 'ತಡವಾಯಿತಲ್ಲ' ಅನ್ನುವವರಿಗೆಲ್ಲ ನಾನು ಆಕೆಯ ಕಥೆ ಹೇಳುತ್ತೇನೆ. 1911ರ ಜನವರಿಯಲ್ಲಿ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆ ಆಕೆಯ ನಾಲ್ಕು ಕ್ವಿಲ್ಟ್‌ಗಳ ಚಿತ್ರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿತು. ತಿಳಿಬಣ್ಣದ ಬಟ್ಟೆಯಲ್ಲಿ ಕತ್ತರಿಸಿ ಹಚ್ಚಿದ ಹೂಗಳು, ಸುತ್ತ ಬೇಕಾದಷ್ಟು ಖಾಲಿ ಜಾಗ. ಪ್ಯಾಟರ್ನ್ ಕಳಿಸಿ ಎಂದು ಓದುಗರ ಪತ್ರಗಳು ಬಂದು ಬಿದ್ದವು.

ಆಕೆ ಆ ಪತ್ರಗಳಿಗೆ ಉತ್ತರಿಸಿದ ರೀತಿಯಲ್ಲಿ ನನ್ನ ಇಡೀ ಕಸುಬು ಇದೆ. ಹೂವು ಎಲೆಗಳ ಆಕಾರಗಳನ್ನು ಇದ್ದ ಅಳತೆಗೇ ನೀಲಿನಕ್ಷೆಯ ಕಾಗದದ ಮೇಲೆ ಇಳಿಸಿದಳು. ಯಾವುದು ಎಲ್ಲಿ ಕೂರಬೇಕು ಎಂದು ತೋರಿಸಲು ಟಿಶ್ಯೂ ಕಾಗದದ ಹಾಳೆ. ಜೊತೆಗೆ ಸೂಚನೆಯ ಪುಟ, ಬಟ್ಟೆಯ ಚೂರು. ಎಲ್ಲ ಸೇರಿ ಐವತ್ತು ಸೆಂಟ್. ಕಟ್ಟಡ ಕಟ್ಟುವವರು ಬಳಸುವ ನೀಲಿನಕ್ಷೆ ಕ್ವಿಲ್ಟ್‌ಗೆ ಯಾಕೆ? ಎಷ್ಟು ಪ್ರತಿ ತೆಗೆದರೂ ಅಳತೆ ಬದಲಾಗುವುದಿಲ್ಲ, ಅದಕ್ಕೆ. ನನ್ನ ಪಿಡಿಎಫ್‌ನ ಮೊದಲ ಪುಟದಲ್ಲೂ ಒಂದು ಇಂಚಿನ ಖಾಲಿ ಚೌಕ ಇರುತ್ತದೆ. ಅಚ್ಚು ತೆಗೆದ ಮೇಲೆ ಅದನ್ನು ಅಳೆಯಿರಿ, ಸರಿ ಒಂದು ಇಂಚು ಇಲ್ಲದಿದ್ದರೆ ನಿಮ್ಮ ಪ್ರಿಂಟರ್ ಚಿತ್ರವನ್ನು ಕುಗ್ಗಿಸಿದೆ ಎಂದು ತಿಳಿಯಿರಿ ಎಂದು ಬರೆದಿರುತ್ತೇನೆ. ನೂರು ವರ್ಷದ ನಂತರವೂ ನಮ್ಮಿಬ್ಬರದು ಒಂದೇ ಚಿಂತೆ.

1915ರಲ್ಲಿ ಆಕೆ ಕ್ವಿಲ್ಟ್‌ಗಳ ಇತಿಹಾಸ ಬರೆದಳು. ಅಮೆರಿಕದಲ್ಲಿ ಬರೀ ಕ್ವಿಲ್ಟ್‌ಗಳ ಬಗ್ಗೆಯೇ ಬಂದ ಮೊದಲ ಪೂರ್ಣ ಪುಸ್ತಕ ಅದು. 1921ರ ಹೊತ್ತಿಗೆ ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ಪ್ರಾಕ್ಟಿಕಲ್ ಪ್ಯಾಚ್‌ವರ್ಕ್ ಕಂಪನಿ ಎಂಬ ಹೆಸರಲ್ಲಿ ಮನೆಯಿಂದಲೇ ವ್ಯಾಪಾರ ನಡೆಸಿದಳು. ಬರೀ ಪ್ಯಾಟರ್ನ್ ಬೇಕಾದವರಿಗೆ ಪ್ಯಾಟರ್ನ್, ಕತ್ತರಿಸಿದ ಬಟ್ಟೆ ಬೇಕಾದವರಿಗೆ ಬಟ್ಟೆ, ಹೊಲಿಯಲು ಬಾರದವರಿಗೆ ಹೊಲಿದದ್ದೇ. ಆಕೆಯ ವಿನ್ಯಾಸಗಳನ್ನು ಬೇರೆಯವರು ನಕಲು ಮಾಡಿದ್ದೂ ಉಂಟು. 1942ರಲ್ಲಿ ವ್ಯಾಪಾರ ನಿಲ್ಲಿಸಿದಳು, 1956ರಲ್ಲಿ ತೀರಿಕೊಂಡಳು. ಆ ಮನೆ ಈಗ ಕ್ವಿಲ್ಟ್ ಮಾಡಿದವರ ನೆನಪಿನ ವಸ್ತುಸಂಗ್ರಹಾಲಯ.

ವೆಬ್‌ಸ್ಟರ್‌ಳ ಕಥೆ ಓದಿ ಖುಷಿಪಟ್ಟ ನಾನು, ಅದರ ಬೆನ್ನಿಗೇ ಇನ್ನೊಂದನ್ನು ಓದಿ ತಣ್ಣಗಾದೆ. 1933, ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಶಿಕಾಗೋದ ವಿಶ್ವ ಮೇಳದ ಸಲುವಾಗಿ ಸಿಯರ್ಸ್ ಕಂಪನಿ ಕ್ವಿಲ್ಟ್ ಸ್ಪರ್ಧೆ ಏರ್ಪಡಿಸಿತು. ಸುಮಾರು 24,000 ಕ್ವಿಲ್ಟ್‌ಗಳು ಬಂದವು. ಮೊದಲ ಬಹುಮಾನ ಸಾವಿರ ಡಾಲರ್, ಆಗ ಒಂದು ಸಂಸಾರದ ದಾರಿ ಬದಲಿಸುವಷ್ಟು ಹಣ. ಗೆದ್ದವಳು ಕೆಂಟಕಿಯ ಮಾರ್ಗರೆಟ್ ಕೇಡನ್. ಗೆದ್ದ ಕ್ವಿಲ್ಟ್ ಅನ್ನು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರಿಗೆ ಕೊಟ್ಟರು. ಅದರಲ್ಲಿ ಒಂದು ಹೊಲಿಗೆಯೂ ಕೇಡನ್‌ಳದಲ್ಲ, ಎಲ್ಲವೂ ಆಕೆಗೆ ಕೂಲಿಗೆ ಹೊಲಿದುಕೊಟ್ಟ ಹೆಂಗಸರದ್ದು ಎಂದು ಮೆರಿಕೇ ವಾಲ್ಡ್‌ವೋಗೆಲ್ ಮತ್ತು ಬಾರ್ಬರಾ ಬ್ರಾಕ್‌ಮನ್ ಎಂಬ ಇಬ್ಬರು ಇತಿಹಾಸಕಾರ್ತಿಯರು 1993ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದರು. ಬಹುಮಾನದಲ್ಲಿ ಆ ಹೆಂಗಸರಿಗೆ ಪಾಲು ಸಿಗಲಿಲ್ಲ. ಕೆಲಸ ಸಿಗುವುದೇ ಕಷ್ಟವಿದ್ದ ಕಾಲದಲ್ಲಿ ಅವರು ಬಾಯಿ ಬಿಡಲೂ ಇಲ್ಲ.

ಇವೆರಡರ ನಡುವೆ ಒಂದು ಮೂರನೆಯ ದಾರಿಯೂ ಇತ್ತು. ಕ್ಯಾನ್ಸಾಸ್ ಸಿಟಿ ಸ್ಟಾರ್ ಎಂಬ ದಿನಪತ್ರಿಕೆ 1928ರಿಂದ 1961ರವರೆಗೆ ಸಾವಿರಕ್ಕೂ ಹೆಚ್ಚು ಕ್ವಿಲ್ಟ್ ಪ್ಯಾಟರ್ನ್‌ಗಳನ್ನು ಅಚ್ಚು ಹಾಕಿತು. ಮೊದಲು ಕಲಾವಿದೆಯರು ಬರೆದು ಕೊಡುತ್ತಿದ್ದರು. ಬರುಬರುತ್ತ ಓದುಗರೇ ಕಳಿಸತೊಡಗಿದರು. ಪ್ಯಾಟರ್ನ್ ಪಕ್ಕದಲ್ಲಿ ಅದನ್ನು ಕಳಿಸಿದವಳ ಹೆಸರು, ಊರು. ತೋಟದ ಮನೆಯ ಹೆಂಗಸರು ಅವನ್ನು ಕತ್ತರಿಸಿ ಡಬ್ಬಿಗಳಲ್ಲಿ ಕೂಡಿಟ್ಟುಕೊಂಡರು. ಪತ್ರಿಕೆ ಅವರಿಗೇನೂ ದೊಡ್ಡ ಸಂಭಾವನೆ ಕೊಟ್ಟು ಉದ್ಧಾರ ಮಾಡಲಿಲ್ಲ. ಆದರೆ ಇದು ಎಲ್ಲಿಂದ ಬಂತು ಎಂದು ಹೇಳಿತು.

ಈಗ ದೊಡ್ಡವ್ವನ ಮಾತು.

ನನ್ನ ಪ್ಯಾಟರ್ನ್‌ಗಳಲ್ಲಿ ಅತಿ ಹೆಚ್ಚು ಮಾರಾಟವಾಗಿದ್ದು ದೊಡ್ಡವ್ವನ ಒಂದು ಕೌದಿಯಿಂದ ಇಳಿಸಿಕೊಂಡದ್ದು. ನಾನು ಧಾರವಾಡದಲ್ಲಿ ಓದುವಾಗ ಹೊದ್ದ ಕೌದಿ ಅದು. ಅಂಚಿನಿಂದ ಶುರುವಾಗಿ ನಡುವಿಗೆ ಬರುವ ಚೌಕಗಳು, ನಾಲ್ಕೂ ಮೂಲೆಗೆ ಮಡಚಿ ಹಚ್ಚಿದ ಪುಟ್ಟ ತ್ರಿಕೋನಗಳು. 'ಧಾರವಾಡ ಮೂಲೆ' ಎಂದು ಹೆಸರಿಟ್ಟು, ಕೆಳಗೆ ನನ್ನ ಹೆಸರು ಹಾಕಿದ್ದೆ. ದೀಪಾವಳಿಗೆ ಹೋದಾಗ ಹೆಮ್ಮೆಯಿಂದ ಫೋನಿನಲ್ಲಿ ತೋರಿಸಿದೆ. ದೊಡ್ಡವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಈ ಮೂಲ್ಯಾಗಿನ ಹೂ ನಂದಲ್ಲವಾ. ಯಲ್ಲಾಪುರದ ಕಡೀಂದ ಒಬ್ಬಾಕಿ ಸಿದ್ದಿ ಹೆಣ್ಮಗಳು ಭತ್ತ ಕೊಯ್ಯಾಕ ಬರ್ತಿದ್ಲು. ಆಕಿ ಕಲಿಸಿದ್ದು. ಮೂಲಿಗೆ ಇದಿಲ್ಲಂದ್ರ ಕೌದಿ ಬತ್ತಲೆ ಅಂತಿದ್ಲು."

"ಆಕಿ ಹೆಸರೇನು ದೊಡ್ಡವ್ವಾ?"

ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಕೂಲಿಗೆ ಬಂದಾಕಿ. ಹೆಸರ ಯಾರ ಕೇಳಿದ್ರು ಆಗ?"

ಪುಣೆಗೆ ಬಂದು ಹುಡುಕಿ ಓದಿದೆ. ಆಫ್ರಿಕಾದಿಂದ ಗುಲಾಮರಾಗಿ, ಸಿಪಾಯಿಗಳಾಗಿ ಬಂದವರ ಸಂತತಿ ಸಿದ್ದಿಗಳು. ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರೂ ಅವರಲ್ಲಿದ್ದರು. ಅವರ ಕೌದಿಗೆ ಕವಂದಿ ಎಂಬ ಹೆಸರಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅದನ್ನು ಅಭ್ಯಾಸ ಮಾಡಿ ಬರೆದಿದ್ದಾರೆ. ಅಂಚಿನಿಂದ ನಡುವಿಗೆ ಹೊಲಿಯುವುದು ಅವರ ಕ್ರಮ. ಮೂಲೆಯ ಮಡಚಿದ ತ್ರಿಕೋನಕ್ಕೆ ಅವರು 'ಫುಲಾ' ಎನ್ನುತ್ತಾರೆ, ಎಂದರೆ ಹೂವು. ಅದಿಲ್ಲದ ಕವಂದಿ ಬೆತ್ತಲೆ. ದೊಡ್ಡವ್ವನ ಬಾಯಲ್ಲಿ ಕೇಳಿದ್ದೇ ಅಚ್ಚಿನಲ್ಲೂ ಇತ್ತು.

ಕಾನೂನಿನಲ್ಲಿ ನನಗೆ ತೊಂದರೆಯೇನಿಲ್ಲ. 2000ದ ವಿನ್ಯಾಸ ಕಾಯ್ದೆ ಹೊಸ ವಿನ್ಯಾಸಕ್ಕಷ್ಟೇ ರಕ್ಷಣೆ ಕೊಡುತ್ತದೆ. ತಲೆಮಾರುಗಳಿಂದ ಬಂದದ್ದನ್ನು ದೊಡ್ಡವ್ವನೂ ನೋಂದಾಯಿಸಲಾರಳು, ಆ ಸಿದ್ದಿ ಹೆಣ್ಣುಮಗಳೂ ನೋಂದಾಯಿಸಲಾರಳು. ನಾನು ಬರೆದ ಸೂಚನೆ, ಎಳೆದ ಚಿತ್ರ ಮಾತ್ರ ನನ್ನವು. ಯಾರೂ ನನ್ನ ಮೇಲೆ ದಾವೆ ಹೂಡುವುದಿಲ್ಲ. ಯಾರೂ ಕೇಳುವುದೇ ಇಲ್ಲ ಎಂಬುದೇ ನನ್ನ ಸಂಕಟವಾಗಿತ್ತು. ಒಂದು ವಾರ ಆ ಪ್ಯಾಟರ್ನ್ ಮಾರುವುದನ್ನು ನಿಲ್ಲಿಸಿದೆ. ಬಾಡಿಗೆ ಕಟ್ಟುವುದು ಅದರಿಂದಲೇ ಆದ್ದರಿಂದ ಆ ವಾರ ಉದ್ದವಾಗಿತ್ತು. ಆದರೆ ನಿಲ್ಲಿಸಿದ್ದರಿಂದ ಆ ಹೆಣ್ಣುಮಗಳಿಗೆ ಸಿಕ್ಕಿದ್ದೇನು? ಮೊದಲು ಹೆಸರಿಲ್ಲದೆ ಮಾರುತ್ತಿದ್ದೆ, ಈಗ ಹೆಸರಿಲ್ಲದೆ ಮುಚ್ಚಿಟ್ಟೆ, ಅಷ್ಟೇ.

ಕಡೆಗೆ ಸ್ಟಾರ್ ಪತ್ರಿಕೆಯ ದಾರಿ ಹಿಡಿದೆ. 'ಧಾರವಾಡ ಮೂಲೆ' ಎಂಬ ಹೆಸರು ತೆಗೆದು 'ಫುಲಾ' ಎಂದು ಬರೆದೆ. ಮೊದಲ ಪುಟದಲ್ಲಿ ಒಂದು ಇಂಚಿನ ಚೌಕದ ಕೆಳಗೆ ನಾಲ್ಕು ಸಾಲು: ಈ ಕೌದಿ ಹೊಲಿದವಳು ನನ್ನ ದೊಡ್ಡವ್ವ, ಅವಳ ಹೆಸರು, ಊರು. ಅವಳಿಗೆ ಮೂಲೆ ಕಲಿಸಿದವಳು ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆ. ಅವಳ ಹೆಸರನ್ನು ನಮ್ಮ ಮನೆಯವರು ಕೇಳಿಕೊಳ್ಳಲಿಲ್ಲ. ಈ ಕೊನೆಯ ವಾಕ್ಯ ಬೇಡ, ಕೊಳ್ಳುವವರಿಗೆ ಮುಜುಗರ ಎಂದು ಗೆಳತಿಯೊಬ್ಬಳು ಹೇಳಿದಳು. ಇರಲಿ ಎಂದು ಬಿಟ್ಟಿದ್ದೇನೆ. ಒಂದು ಪ್ರತಿ ಮಾರಿದರೆ ನೂರು ರೂಪಾಯಿ ಬೇರೆ ತೆಗೆದಿಡುತ್ತೇನೆ. ಬರುವ ತಿಂಗಳು ಅದನ್ನು ತೆಗೆದುಕೊಂಡು ಯಲ್ಲಾಪುರಕ್ಕೆ ಹೋಗುತ್ತಿದ್ದೇನೆ. ಈಗಲೂ ಕವಂದಿ ಹೊಲಿಯುವವರಿಂದ ಅವರು ಹೇಳಿದ ಬೆಲೆಗೆ ಕೊಂಡು ತರುವುದು ಮೊದಲ ಕೆಲಸ. ಕಾಗದ ಮಾರಲು ಅವರು ಒಪ್ಪುತ್ತಾರೋ ಇಲ್ಲವೋ ಕೇಳುವುದು ಎರಡನೆಯದು. ಬೇಡ ಅಂದರೆ ನಿಲ್ಲಿಸಬೇಕಾಗುತ್ತದೆ. ಅದಕ್ಕೆ ತಯಾರಾಗಿದ್ದೇನೆ ಎಂದು ಹೇಳಿಕೊಳ್ಳುತ್ತೇನೆ, ಪೂರ್ತಿ ಆಗಿಲ್ಲ.

ದೊಡ್ಡವ್ವನಿಗೆ ಫೋನು ಮಾಡಿ ಹೇಳಿದೆ. ಕಾಗದದ ಮೇಲೆ ತನ್ನ ಹೆಸರು ಬಂದಿದ್ದಕ್ಕೆ ಅವಳೇನೂ ಹಿಗ್ಗಲಿಲ್ಲ. "ಯಲ್ಲಾಪುರಕ್ಕ ಹೊಂಟಿದ್ರ ನನ್ನೂ ಕರ್ಕೊಂಡ ಹೋಗು" ಅಂದಳು. "ಮುಖಾ ನೋಡಿದ್ರ ಗುರ್ತ ಹಿಡೀತೀನಿ."