ಹರೆಯದ ಪ್ರೀತಿ, ಕನ್ನಡ ಕಾದಂಬರಿ ಮತ್ತು ಗದಗ ಸೀಮೆ

ಹರೆಯದವರ ಪ್ರೀತಿಯನ್ನು ಬರೆದ ಕಾದಂಬರಿ ಎಂದರೆ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯ ಸರಕು ಎಂಬ ಮಾತು ವಿಚಾರಸಂಕಿರಣಗಳಲ್ಲಿ ಈಗ ಸಲೀಸಾಗಿ ಓಡಾಡುತ್ತಿದೆ. ಅದರ ಬೆನ್ನಿಗೇ ಇನ್ನೊಂದು: ‘ಇವನು ನಾನೇ’ ಎಂದು ಓದುಗನಿಗೆ ಅನಿಸುವಂಥ ಎಳೆಯ ನಾಯಕ ಕನ್ನಡಕ್ಕೆ ಇತ್ತೀಚೆಗೆ ಇಂಗ್ಲಿಷಿನಿಂದ ಬಂದವನಂತೆ. ಗದಗಿನಲ್ಲಿ ಮೂವತ್ತು ವರ್ಷ ಕಾದಂಬರಿ ಪಾಠ ಹೇಳಿದ ನನಗೆ ಇವೆರಡೂ ನೋವಿನ ಮಾತು.

1899ರ ‘ಇಂದಿರಾಬಾಯಿ’ಯಲ್ಲೇ ಗುಲ್ವಾಡಿ ವೆಂಕಟರಾಯರು ಎಳೆ ವಿಧವೆಯೊಬ್ಬಳನ್ನು ಓದಿಸಿ ಹೊಸ ಬಾಳಿಗೆ ದಾಟಿಸಿದರು. ಅಲ್ಲಿ ಸುಧಾರಣೆಯ ವಾದ ಮುಂದೆ, ಹುಡುಗಿಯ ಮನಸ್ಸು ಹಿಂದೆ. ಗಳಗನಾಥರ ತರುಣರಿಗೆ ಚರಿತ್ರೆಯ ಹೊರೆಯೇ ಸಾಕಾಗಿತ್ತು. ಮನಸ್ಸಿನ ಒಳಗೆ ನಿಜವಾಗಿ ಕಾಲಿಟ್ಟವರು ತ್ರಿವೇಣಿ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ತೀರಿಹೋದರು. ‘ಹೆಂಗಸರ ಓದು’ ಎಂದು ಅವರನ್ನು ಬದಿಗಿಟ್ಟ ವಿಮರ್ಶೆ ಆ ತಪ್ಪನ್ನು ಇನ್ನೂ ಪೂರ್ತಿ ತಿದ್ದಿಕೊಂಡಿಲ್ಲ.

ನಮ್ಮ ತಲೆಮಾರಿಗೆ ಬಾಗಿಲು ತೆರೆದದ್ದು 1961ರಲ್ಲಿ ಬಂದ ಶಾಂತಿನಾಥ ದೇಸಾಯರ ‘ಮುಕ್ತಿ’. ಅದರ ನಾಯಕ ಗೌರೀಶ ಬುದ್ಧಿವಂತ, ಓದಿದವ, ಆದರೆ ತನ್ನ ಬಗ್ಗೆಯೇ ಅನುಮಾನ ತುಂಬಿದವ. ಕಾಮಿನಿಯ ಮೇಲಿನ ಅವನ ಪ್ರೀತಿ ಮದುವೆಯ ಚಪ್ಪರಕ್ಕೆ ಹೋಗಿ ಮುಟ್ಟುವುದಿಲ್ಲ. ತಾನು ಯಾರು ಎಂಬ ಪ್ರಶ್ನೆಗೆ ಅವನನ್ನು ತಂದು ನಿಲ್ಲಿಸುತ್ತದೆ. ನವ್ಯವನ್ನು ಬರೀ ಒಂಟಿತನದ ಸಾಹಿತ್ಯ ಎಂದು ಓದುವವರು ಇಲ್ಲಿ ಎಡವುತ್ತಾರೆ. ಗೌರೀಶನ ಒಂಟಿತನ ಪ್ರೀತಿಸಲು ಹೋಗಿ ಕಲಿತದ್ದು. ನಾವು ಹಾಸ್ಟೆಲಿನಲ್ಲಿ ಒಂದೇ ಪ್ರತಿಯನ್ನು ಸರದಿ ಹಚ್ಚಿ ಓದಿದೆವು. ನನ್ನ ಸರದಿ ಬರುವ ಹೊತ್ತಿಗೆ ರಟ್ಟು ಕಿತ್ತುಹೋಗಿತ್ತು.

1964ರ ‘ಮೂರು ದಾರಿಗಳು’ ಕಾದಂಬರಿಯಲ್ಲಿ ಯಶವಂತ ಚಿತ್ತಾಲರು ನಿರ್ಮಲೆಯ ಹರೆಯವನ್ನು ಊರಿನ ಗಾಳಿಮಾತಿನ ಎದುರು ನಿಲ್ಲಿಸಿದರು. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಗುತ್ತಿ ತಿಮ್ಮಿಯರಿಗೂ, ಐತ ಪೀಂಚಲುವಿಗೂ ಪ್ರೀತಿಯ ಹಕ್ಕು ಕೊಟ್ಟಿತು. ದುಡಿಯುವವರ ಪ್ರೇಮಕ್ಕೆ ಕನ್ನಡದಲ್ಲಿ ಅಷ್ಟು ಮರ್ಯಾದೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲವೆಂದೇ ನನ್ನ ನಂಬಿಕೆ. ಬಳಿಕ ಧಾರವಾಡದಿಂದ ವೀಣಾ ಶಾಂತೇಶ್ವರ ಬಂದರು. ಕಲಿತು, ನೌಕರಿ ಹಿಡಿದು, ಗಂಡಸರ ನಡುವೆ ತನ್ನ ದಾರಿ ಹುಡುಕುವ ಹೆಣ್ಣು ಅವರ ಕತೆಗಳಲ್ಲೂ ‘ಗಂಡಸರು’ ಕಾದಂಬರಿಯಲ್ಲೂ ನಮ್ಮ ಭಾಗದ ಮಾತಿನ ಬಿರುಸಿನಲ್ಲೇ ಮಾತಾಡಿದಳು.

ಈ ಸಾಲಿನ ಹಿಂದೆ ಗದಗ ಸೀಮೆ ಇದೆ ಎಂಬುದನ್ನು ನಾವೇ ಮರೆತಿದ್ದೇವೆ. ‘ಮುಕ್ತಿ’ಯನ್ನು ಹೊರತಂದ ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು ಜಿ.ಬಿ. ಜೋಶಿಯವರಿಂದ. ಅವರು ಗದಗ ತಾಲೂಕಿನ ಹೊಂಬಳದವರು. ಕವಿ ಚೆನ್ನವೀರ ಕಣವಿಯವರು ಹುಟ್ಟಿದ್ದೂ ಅದೇ ಊರಿನಲ್ಲಿ. ಹೊಸ ಕಾದಂಬರಿಯನ್ನು ಹೇಗೆ ಓದಬೇಕೆಂದು ಕಲಿಸಿದ ಕೀರ್ತಿನಾಥ ಕುರ್ತಕೋಟಿ ಗದಗಿನವರೇ. ಪ್ರಕಾಶಕ ನಮ್ಮವ, ವಿಮರ್ಶಕ ನಮ್ಮವ. ಊರ ತುಂಬ ಅಚ್ಚುಕೂಟಗಳೂ ಇದ್ದವು.

ಆದರೆ ಈ ಕಾದಂಬರಿಗಳಲ್ಲಿ ನಮ್ಮ ಸೀಮೆಯ ಹುಡುಗಿ ಎಲ್ಲಿದ್ದಾಳೆ? ಬೆಟಗೇರಿಯಲ್ಲಿ ಅಪ್ಪ ಮಗ್ಗದ ಮುಂದೆ ಕೂತಿರುವಾಗ ಪಕ್ಕದಲ್ಲಿ ಲಾಳಿಗೆ ಕಂಡಿಕಿ ಸುತ್ತುತ್ತ ಪರೀಕ್ಷೆಗೆ ಓದಿದವಳು. ಫಕೀರೇಶ್ವರನ ಜಾತ್ರೆಯ ಗದ್ದಲದಲ್ಲಿ ಮೊದಲ ಸಲ ಒಬ್ಬನ ಜೊತೆ ಧೈರ್ಯವಾಗಿ ಮಾತಾಡಿದ ಶಿರಹಟ್ಟಿಯವಳು. ಮುಂಡರಗಿಯಿಂದ ನಸುಕಿನ ಬಸ್ಸು ಹತ್ತಿ ಕಿಟಕಿಯ ಸೀಟು ಗೆಳತಿಗೆ ಹಿಡಿದಿಟ್ಟವಳು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ಸೀಮೆಯ ಮೇರೆಯಾಗಿ ‘ಕವಿರಾಜಮಾರ್ಗ’ ಹೆಸರಿಸಿದ ಊರುಗಳಲ್ಲಿ ಒಂದು. ಆ ಕನ್ನಡದಲ್ಲಿ ಹರೆಯದ ಹುಡುಗಿಯೊಬ್ಬಳು ತನ್ನ ಪ್ರೀತಿಯನ್ನು ತಾನೇ ಹೇಳಿಕೊಂಡ ದೊಡ್ಡ ಕಾದಂಬರಿಯನ್ನು ನಾನಿನ್ನೂ ಓದಬೇಕಾಗಿದೆ. ಜಾತಿ, ವರದಕ್ಷಿಣೆ, ಬರ ಎಂದು ನಮ್ಮ ಸೀಮೆಯ ಸಂಕಟಗಳನ್ನು ಬರೆದವರಿದ್ದಾರೆ. ಆ ಸಂಕಟಗಳೆಲ್ಲ ಹದಿನೆಂಟರ ಮನಸ್ಸೊಂದರಲ್ಲಿ ಒಟ್ಟಿಗೇ ಬಂದು ಬೀಳುವುದನ್ನು ಹಗುರ ವಿಷಯವೆಂದು ಬಿಟ್ಟುಬಿಟ್ಟರು.

‘ಮುಕ್ತಿ’ ಪಾಠ ಮುಗಿಸಿದ ದಿನ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು ಕೇಳಿದ್ದಳು: “ಗೌರೀಶನ ಜಾಗಾದಾಗ ಹುಡುಗಿ ಇದ್ದಿದ್ರ ಮೊದಲನೇ ವರ್ಷಕ್ಕ ಕಾಲೇಜ್ ಬಿಡಸ್ತಿದ್ರಲ್ರಿ ಸರ?” ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದವಳು. ಮುಂದಿನ ವರ್ಷದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ.