ಹಿಂದಿರುಗಿದವರ ನೆಲೆ: ಬಿಜಾಪುರದ ಮೊದಲ ವಿಕಾರ್ ಅಪೊಸ್ತಲಿಕ್ ಮತ್ತು ಅವರ ಸೋದರ ಸಂಬಂಧಿ

ಇಜೇರಿಯ ಕಡೆಯವನಾದ ನಾನು ರೋಮಿನಲ್ಲಿ ವ್ಯಾಸಂಗ ಮುಗಿಸಿ ಜೇವರ್ಗಿ ಸೀಮೆಗೆ ಮರಳಿದಾಗ, ಪರಿಚಯದ ಮನೆಯೊಂದರಲ್ಲಿ ಹಿರಿಯ ತಾಯಿಯೊಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಫಾದರ್, ಬಂದೀರಿ ಖರೆ, ಇಲ್ಲೇ ಇರ್ತೀರೋ, ಮತ್ತ ಹೋಗ್ತೀರೋ?" ಅಲ್ಲಿ ಏನು ಕಲಿತಿರಿ, ಯಾವ ಪದವಿ ಪಡೆದಿರಿ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಜನರಿಗೆ ಹೋಗುವುದೂ ಬರುವುದೂ ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋದವರು ಜಾತ್ರೆಗೆ ಬರುತ್ತಾರೆ, ಮತ್ತೆ ಹೋಗುತ್ತಾರೆ. ಬಂದವನು ನಿಲ್ಲುವವನೋ ಹೊರಡುವವನೋ ಎಂಬುದೇ ಅವರ ಲೆಕ್ಕಾಚಾರ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹದಿನೇಳನೆಯ ಶತಮಾನದ ಧರ್ಮಸಭೆಯ ಚರಿತ್ರೆಯ ಒಂದು ಅಧ್ಯಾಯವನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇನೆ. ಆ ಅಧ್ಯಾಯವು ನಮ್ಮ ಸೀಮೆಗೆ ದೂರದ್ದಲ್ಲ. ಆಗ ಭೀಮಾತೀರದ ನಮ್ಮ ಹಳ್ಳಿಗಳು ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯದ ಹೆಸರಿನಲ್ಲೇ ರೋಮ್ ಒಬ್ಬ ಭಾರತೀಯನನ್ನು ಧರ್ಮಾಧ್ಯಕ್ಷನನ್ನಾಗಿ ನೇಮಿಸಿತು.

ಅವರು ಮತೇವುಸ್ ದೆ ಕಾಸ್ತ್ರೊ. 1594ರ ಸುಮಾರಿಗೆ ಗೋವೆಯ ದಿವಾಡಿ ದ್ವೀಪದಲ್ಲಿ, ಕ್ರೈಸ್ತಧರ್ಮ ಸ್ವೀಕರಿಸಿದ್ದ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಮಾಂಡೋವಿ ನದಿಯ ನಡುವಿನ ಆ ದ್ವೀಪದಿಂದ ನೋಡಿದರೆ ಎದುರು ದಂಡೆಯಲ್ಲೇ ಹಳೆಯ ಗೋವೆಯ ದೇವಾಲಯಗಳು. ಬಾರ್ದೇಸಿನ ರೇಯಿಸ್ ಮಾಗೊಸ್‌ನಲ್ಲಿ ಫ್ರಾನ್ಸಿಸ್ಕನ್ನರ ಬಳಿ ವಿದ್ಯಾಭ್ಯಾಸ ಮಾಡಿದ ಈ ಯುವಕನಿಗೆ ಯಾಜಕನಾಗುವ ಹಂಬಲ. ಆದರೆ ಗೋವೆಯ ಅಂದಿನ ಧರ್ಮಾಡಳಿತಕ್ಕೆ ದೇಶೀಯರಿಗೆ ಗುರುದೀಕ್ಷೆ ಕೊಡಲು ಮನಸ್ಸಿರಲಿಲ್ಲ. ಎದುರಿಗೇ ಕಾಣುವ ಪೀಠವೇದಿಕೆ ತನಗೆ ನಿಷಿದ್ಧವಾದಾಗ, ಆತ ಪಶ್ಚಿಮ ಏಷ್ಯಾದ ದಾರಿ ಹಿಡಿದು 1625ರಲ್ಲಿ ರೋಮನ್ನು ತಲುಪಿದರು. ಆಗ ಅವರಿಗೆ ಮೂವತ್ತರ ಆಸುಪಾಸು.

ಆ ಕಾಲದ ರೋಮಿನಲ್ಲಿ ಹೊಸ ಗಾಳಿಯೊಂದು ಬೀಸುತ್ತಿತ್ತು. 1622ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ‘ಪ್ರೊಪಗಾಂಡಾ ಫಿದೆ’ ಎಂಬ ವಿಶ್ವಾಸಪ್ರಸಾರ ಮಂಡಳಿಯನ್ನು ಸ್ಥಾಪಿಸಿದ್ದರು. 1627ರಲ್ಲಿ ಅದಕ್ಕೆ ಸೇರಿದಂತೆ ಉರ್ಬಾನೊ ಮಹಾವಿದ್ಯಾಲಯ ಆರಂಭವಾಯಿತು. ಮಂಡಳಿಯ ಮೊದಲ ಕಾರ್ಯದರ್ಶಿ ಫ್ರಾನ್ಸೆಸ್ಕೊ ಇಂಗೋಲಿಯವರು ಆಯಾ ನೆಲದ ಮಕ್ಕಳೇ ಆಯಾ ನೆಲದ ಯಾಜಕರಾಗಬೇಕೆಂದು ದೃಢವಾಗಿ ನಂಬಿದ್ದವರು. ಆದರೆ ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಹೆಸರಿಸುವ, ಧರ್ಮಪ್ರಚಾರಕರನ್ನು ಕಳುಹಿಸುವ ಹಕ್ಕು ‘ಪಾದ್ರುವಾದೊ’ ಒಪ್ಪಂದದಂತೆ ಪೋರ್ಚುಗಲ್ ದೊರೆಯ ಕೈಯಲ್ಲಿತ್ತು. ಆ ಹಕ್ಕನ್ನು ಮುರಿಯದೆ ಅದರ ಹೊರಗೆ ಕೆಲಸ ಮಾಡಲು ಮಂಡಳಿ ಕಂಡುಕೊಂಡ ದಾರಿಯೇ ವಿಕಾರ್ ಅಪೊಸ್ತಲಿಕರ ನೇಮಕ. ಹೀಗೆ ನೇಮಕಗೊಂಡವರು ಪೋರ್ಚುಗೀಸರ ಆಳ್ವಿಕೆಯಿಲ್ಲದ ಪ್ರದೇಶಗಳಲ್ಲಿ ನೇರವಾಗಿ ಜಗದ್ಗುರುಗಳ ಪರವಾಗಿ ಅಧಿಕಾರ ನಡೆಸುವ ಧರ್ಮಾಧ್ಯಕ್ಷರು. ರೋಮಿನಲ್ಲಿ ಗುರುದೀಕ್ಷೆ ಪಡೆದು, ಒಮ್ಮೆ ಗೋವೆಗೆ ಮರಳಿ, ಅಲ್ಲಿ ಮಾನ್ಯತೆ ದೊರೆಯದೆ ಮತ್ತೆ ರೋಮಿಗೆ ಬಂದ ಮತೇವುಸ್, 1637ರಲ್ಲಿ ಕ್ರಿಸೊಪೊಲಿಸ್ ಎಂಬ ಬಿರುದಿನ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಧರ್ಮಾಧ್ಯಕ್ಷರು ಅವರೇ. ಅವರ ಅಧಿಕಾರಕ್ಷೇತ್ರದ ಹೆಸರು ‘ಇದಲ್ಕಾನ್’. ಪೋರ್ಚುಗೀಸರ ಬಾಯಲ್ಲಿ ‘ಆದಿಲ್ ಖಾನ್’ ಎಂಬುದು ತಾಳಿದ ರೂಪ ಇದು. ಗೋಲಗುಮ್ಮಟದಲ್ಲಿ ಸಮಾಧಿಯಾಗಿರುವ ಮಹಮ್ಮದ್ ಆದಿಲ್‌ಶಾಹನೇ ಆಗ ಆ ರಾಜ್ಯದ ಸುಲ್ತಾನ.

ಹೀಗೆ ಹೊರಟಾಗ ದೀಕ್ಷೆಯಿಲ್ಲದವನು ಧರ್ಮಾಧ್ಯಕ್ಷನಾಗಿ ಹಿಂದಿರುಗಿದ. ಆದರೆ ಸ್ವಂತ ನೆಲ ಅವರನ್ನು ಬರಮಾಡಿಕೊಳ್ಳಲಿಲ್ಲ. ಗೋವೆಯಲ್ಲಿ ಅವರ ಅಧಿಕಾರಪತ್ರಗಳ ಸಿಂಧುತ್ವವನ್ನೇ ಪ್ರಶ್ನಿಸಲಾಯಿತು. ಅವರು ಸುಲ್ತಾನನ ಆಳ್ವಿಕೆಗೆ ಸೇರಿದ್ದ ಬಿಚೋಲಿಯಲ್ಲಿ ನೆಲೆಸಿ ದೇವಾಲಯ ಕಟ್ಟಿದರು, ದೇಶೀಯರಿಗೆ ಗುರುದೀಕ್ಷೆ ನೀಡಿದರು. ಬಿಚೋಲಿಯಿಂದ ಹುಟ್ಟೂರು ದಿವಾಡಿಗೆ ಒಂದು ಹಗಲಿನ ದಾರಿಯೂ ಇಲ್ಲ. ಆದರೂ ನಡುವೆ ಎರಡು ರಾಜ್ಯಗಳ ಗಡಿಯಿತ್ತು, ಎರಡು ಧರ್ಮಾಧಿಕಾರಗಳ ಗಡಿಯೂ ಇತ್ತು. ಮತ್ತೊಮ್ಮೆ ರೋಮಿಗೆ ಹೋದರು, ಇಥಿಯೋಪಿಯದ ಹೊಣೆಯನ್ನೂ ಹೊತ್ತರು, ಮತ್ತೆ ಬಿಚೋಲಿಗೆ ಬಂದರು. 1653ರಲ್ಲಿ ಗೋವೆಯ ಬ್ರಾಹ್ಮಣ ಮೂಲದ ಕ್ರೈಸ್ತರನ್ನು ಉದ್ದೇಶಿಸಿ ‘ಬ್ರಾಹ್ಮಣರ ಕನ್ನಡಿ’ ಎಂಬರ್ಥದ ಹೆಸರಿನ ಬರಹವೊಂದನ್ನು ರಚಿಸಿ ಪೋರ್ಚುಗೀಸರ ಅನ್ಯಾಯವನ್ನು ಎತ್ತಿ ತೋರಿದರು. 1654ರಲ್ಲಿ ಬಿಜಾಪುರದ ಸೈನ್ಯ ಗೋವೆಯ ಸೀಮೆಗೆ ನುಗ್ಗಿದಾಗ, ಅದಕ್ಕೆ ಕುಮ್ಮಕ್ಕು ಕೊಟ್ಟವರು ಇವರೇ ಎಂಬ ಆಪಾದನೆ ಅವರ ಮೇಲೆ ಬಂತು. 1658ರಲ್ಲಿ ರೋಮಿಗೆ ತೆರಳಿದವರು ಮತ್ತೆ ಮರಳಲಿಲ್ಲ, ಅಲ್ಲಿಯೇ ಕೊನೆಯುಸಿರೆಳೆದರು.

ಈ ಚರಿತ್ರೆಯನ್ನು ಓದುವಾಗ ನಮ್ಮ ಸಹಾನುಭೂತಿ ಸಹಜವಾಗಿಯೇ ಮತೇವುಸರ ಕಡೆಗೆ ಹರಿಯುತ್ತದೆ, ಹರಿಯಬೇಕು ಕೂಡ. ಬಣ್ಣ, ಹುಟ್ಟುಗಳ ಕಾರಣಕ್ಕೆ ದೇವರ ಕರೆಗೆ ಅಡ್ಡ ನಿಂತದ್ದು ಪಾಪವೇ. ಅದಕ್ಕೆ ಬೇರೆ ಹೆಸರು ಬೇಕಿಲ್ಲ. ಆದರೆ ಇತಿಹಾಸದ ಅಧ್ಯಯನವು ನೊಂದವನ ಪಕ್ಷ ವಹಿಸುವುದರಲ್ಲಿ ಮುಗಿಯಬಾರದು. ಎರಡು ಸಂಗತಿಗಳನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಮೊದಲನೆಯದು, ಅವರ ಹೋರಾಟ ಯಾರಿಗಾಗಿ ಎಂಬುದು. ಅವರು ಹಿಡಿದ ಕನ್ನಡಿ ಬ್ರಾಹ್ಮಣರ ಕನ್ನಡಿ. ಹುಟ್ಟಿನ ಕಾರಣಕ್ಕೆ ತನ್ನನ್ನು ಹೊರಗಿಟ್ಟವರ ವಿರುದ್ಧ ಹೋರಾಡುವಾಗಲೂ ಅವರು ಆಶ್ರಯಿಸಿದ್ದು ಹುಟ್ಟಿನ ಹಿರಿಮೆಯನ್ನೇ. ಅದೇ ನೆಲದಲ್ಲಿ ಅವರಿಗಿಂತಲೂ ದೂರಕ್ಕೆ ತಳ್ಳಲ್ಪಟ್ಟವರಿದ್ದರು. ಹಿಂದಿರುಗಿ ಬಂದವನು ತನಗಾದ ಗಾಯವನ್ನು ಮಾತ್ರ ಕಂಡರೆ, ನೆರೆಯವನ ಗಾಯ ಕಾಣದೇ ಹೋಗುತ್ತದೆ.

ಎರಡನೆಯದು, ಅವರು ನಿಂತ ಸ್ಥಳ. ನೇಮಕಪತ್ರದಲ್ಲಿದ್ದುದು ಬಿಜಾಪುರದ ರಾಜ್ಯ. ಅವರು ನಿಂತದ್ದು ಗೋವೆಯ ಗಡಿಯಲ್ಲಿ. ದೇಹ ಸುಲ್ತಾನನ ಸೀಮೆಯಲ್ಲಿದ್ದರೂ ಮುಖ ಸದಾ ಮಾಂಡೋವಿಯ ಕಡೆಗೇ ತಿರುಗಿತ್ತು. ಒಳನಾಡಿನ ಕನ್ನಡದ ಜನ, ಭೀಮಾತೀರದ ರೈತರು ಆ ಅಧಿಕಾರಕ್ಷೇತ್ರದ ಹೆಸರಿನೊಳಗಿದ್ದರೇ ಹೊರತು ಆ ಹೋರಾಟದ ಕೇಂದ್ರದಲ್ಲಿ ಇರಲಿಲ್ಲ. ಅವರು ಮರಳಲು ಬಯಸಿದ್ದು ತಾನು ಬಿಟ್ಟುಹೋದ ಮನೆಗೆ. ಕಳುಹಿಸಲ್ಪಟ್ಟದ್ದು ಬೇರೊಂದು ಜನರ ಬಳಿಗೆ. ಈ ಎರಡೂ ಒಂದೇ ಅಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ಹಿಂದಿರುಗಿದ ಯಾಜಕನಿಗೆ ಅತ್ಯಂತ ಕಠಿಣವಾದ ಪಾಠ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ತಿರಸ್ಕೃತರಾದ ಪ್ರಭು ಊರ ಗಡಿಯಲ್ಲಿ ನಿಂತು ವಾದಿಸಲಿಲ್ಲ, ಕಫೆರ್ನವುಮಿಗೆ ಇಳಿದುಹೋದರೆಂಬುದನ್ನು ಸಂತ ಲೂಕರು ನಾಲ್ಕನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾರೆ.

ಈ ಕಥೆಗೆ ಇನ್ನೊಂದು ಕೊನೆಯೂ ಇದೆ. ಮತೇವುಸರ ಸೋದರ ಸಂಬಂಧಿ ತೊಮಾಸ್ ದೆ ಕಾಸ್ತ್ರೊ ಕೂಡ ದಿವಾಡಿಯವರೇ; ಅವರೂ ರೋಮಿಗೆ ಹೋಗಿ ಥಿಯಟೈನ್ ಸಭೆಗೆ ಸೇರಿದರು. 1670ರ ದಶಕದಲ್ಲಿ ಕೆನರಾದ ವಿಕಾರ್ ಅಪೊಸ್ತಲಿಕರಾಗಿ ಮಂಗಳೂರಿಗೆ ಬಂದರು. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ದೊರೆತ ಭೂಮಿಯಲ್ಲಿ 1680ರಲ್ಲಿ ಮಿಲಾಗ್ರಿಸ್ ದೇವಾಲಯವನ್ನು ಸ್ಥಾಪಿಸಿದರು. ಅವರಿಗೂ ಗೋವೆಯ ವಿರೋಧ ತಪ್ಪಲಿಲ್ಲ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧು ಎಂಬ ಗೊಂದಲದಲ್ಲಿ ಕೆನರಾದ ವಿಶ್ವಾಸಿಗಳು ತೊಳಲಿದರು. 1681ರಲ್ಲಿ ಗೋವೆಯ ಕಡೆಯಿಂದ ಬಂದ ಯುವ ಗುರು ಜೋಸೆಫ್ ವಾಸ್ ಅವರು ಈ ಒಡಕನ್ನು ಶಮನಗೊಳಿಸಲು ಶ್ರಮಿಸಿದರು. 2015ರಲ್ಲಿ ಧರ್ಮಸಭೆ ಸಂತರೆಂದು ಘೋಷಿಸಿದ್ದು ಅವರನ್ನೇ. ತೊಮಾಸ್ ಮಾತ್ರ ತಾವು ಕಳುಹಿಸಲ್ಪಟ್ಟ ಜನರನ್ನು ಬಿಟ್ಟು ಹೋಗಲಿಲ್ಲ. 1684ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಮಿಲಾಗ್ರಿಸ್‌ನಲ್ಲೇ ಅವರ ಸಮಾಧಿಯಿದೆ. ಮಂಗಳೂರು ಅವರ ಹುಟ್ಟೂರಲ್ಲ. ಆದರೂ ಅವರದ್ದೇ ನಿಜವಾದ ಹಿಂದಿರುಗುವಿಕೆ ಎಂದು ನನಗೆ ತೋರುತ್ತದೆ.

ಮತೇವುಸರ ಬದುಕು ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಅವರು ರೋಮಿಗೆ ಕೊನೆಯ ಬಾರಿ ಹೋದ ಮರುವರ್ಷವೇ, 1659ರಲ್ಲಿ, ಅದೇ ಮಂಡಳಿಯು ಪೂರ್ವದೇಶಗಳಿಗೆ ಹೊರಟ ವಿಕಾರ್ ಅಪೊಸ್ತಲಿಕರಿಗೆ ಪ್ರಸಿದ್ಧವಾದ ಸೂಚನೆಗಳನ್ನು ನೀಡಿತು: ದೇಶೀಯ ಗುರುವರ್ಗವನ್ನು ಬೆಳೆಸಬೇಕು, ವಿಶ್ವಾಸಕ್ಕೆ ವಿರುದ್ಧವಲ್ಲದ ಜನಪದ್ಧತಿಗಳನ್ನು ಬದಲಿಸಬಾರದು, ಯೂರೋಪನ್ನು ಹೊತ್ತೊಯ್ಯಬಾರದು. ಬಾಗಿಲು ತಟ್ಟಿದ ದಿವಾಡಿಯ ಆ ಯುವಕನಂಥವರ ಒತ್ತಾಯವಿಲ್ಲದೆ ಇಂಥ ನಿಲುವು ಗಟ್ಟಿಯಾಗುತ್ತಿರಲಿಲ್ಲ. ಆದರೆ ಆಚರಣೆಗೆ ಬರಲು ಬಹುಕಾಲ ಹಿಡಿಯಿತು. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು 1919ರಲ್ಲಿ ‘ಮ್ಯಾಕ್ಸಿಮುಮ್ ಇಲ್ಲುದ್’ ಪತ್ರದಲ್ಲಿ ದೇಶೀಯ ಗುರುವರ್ಗದ ಮಾತನ್ನು ಮತ್ತೆ ಎತ್ತಬೇಕಾಯಿತು.

ಇಂದು ನಮ್ಮ ಗುರುಮಠಗಳಿಂದ ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೋಗುವವರ ದಾರಿಯಲ್ಲಿ ಯಾವ ದೊರೆಯ ಹಕ್ಕುಪತ್ರವೂ ಅಡ್ಡ ನಿಲ್ಲುವುದಿಲ್ಲ. ಹಿಂದಿರುಗುವ ಕಷ್ಟ ಮಾತ್ರ ಉಳಿದಿದೆ. ನಾಲ್ಕೈದು ವರ್ಷ ಬೇರೆ ಭಾಷೆಯಲ್ಲಿ ಯೋಚಿಸಿ ಬಂದವನಿಗೆ ಊರ ಮಾತು ತಡವರಿಸುತ್ತದೆ. ಅವನ ವಿದ್ಯೆಗೆ ತಕ್ಕ ಕೆಲಸ ಊರಿನಲ್ಲಿ ಇಲ್ಲವೆನಿಸುತ್ತದೆ. ಉಳಿದ ಗುರುಗಳು ಅವನನ್ನು ಸ್ವಲ್ಪ ಅಂತರದಿಂದಲೇ ನೋಡುತ್ತಾರೆ. ನನಗೂ ಹಾಗಾಯಿತು. ಮೊದಲ ವರ್ಷ ನಾನೂ ಒಂದು ಬಗೆಯ ಬಿಚೋಲಿಯಲ್ಲೇ ಇದ್ದೆ: ಊರಿನ ಹತ್ತಿರ, ಆದರೆ ಊರೊಳಗಲ್ಲ, ನನ್ನ ಪದವಿಗೆ ಯಾರು ಮನ್ನಣೆ ಕೊಟ್ಟರು, ಯಾರು ಕೊಡಲಿಲ್ಲ ಎಂದು ಎಣಿಸುತ್ತ. ಬರಮಾಡಿಕೊಳ್ಳುವವರ ಹೊಣೆ ದೊಡ್ಡದೇ. ಹಿಂದಿರುಗಿದವನಿಗೆ ಕೆಲಸವನ್ನೂ ವಿಶ್ವಾಸವನ್ನೂ ಕೊಡದ ಧರ್ಮಕ್ಷೇತ್ರ ಅಂದಿನ ಗೋವೆಯ ತಪ್ಪನ್ನೇ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಆದರೆ ಬಂದವನು ತನ್ನ ಮುಖವನ್ನು ಯಾವ ಕಡೆಗೆ ತಿರುಗಿಸುತ್ತಾನೆ ಎಂಬುದನ್ನು ಅವನ ಬದಲು ಬೇರೆ ಯಾರೂ ನಿರ್ಧರಿಸಲಾರರು.

ಆ ತಾಯಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಧರ್ಮಾಧ್ಯಕ್ಷರು ಹೇಳಿದಂತೆ ಎಂದು ಜಾರಿಕೊಂಡೆ. ಅವರು ನಕ್ಕು, ಜೋಳದ ರೊಟ್ಟಿ ಬಡಿಸಿ, ಮುಂದಿನ ಸಲ ಬಂದಾಗ ಹೇಳಿ ಎಂದರು. ಆ ಮನೆಗೆ ಅನಂತರ ಹಲವು ಸಲ ಹೋಗಿದ್ದೇನೆ. ಅವರು ಮತ್ತೆ ಆ ಪ್ರಶ್ನೆ ಕೇಳಿಲ್ಲ.