ಗುರಿಯಾಚೆಗಿನ ಪರಿಣಾಮ

ಮಣಿಕರ್ಣಿಕಾ ಘಾಟಿನಲ್ಲಿ ಚಿತೆ ಆರುವುದಿಲ್ಲ ಎನ್ನುವುದು ಕಾಶಿಗೆ ಹೋಗಿಬಂದವರು ತಪ್ಪದೆ ಹೇಳುವ ಮಾತು. ಅಲ್ಲಿಂದ ಗಂಗೆಯ ಹರಿವಿಗೆ ಎದುರಾಗಿ ಐದಾರು ಕಿಲೋಮೀಟರ್ ಸಾಗಿದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಅದರ ಆವರಣದಲ್ಲಿ ಮಹಾಮನ ಪಂಡಿತ್ ಮದನ ಮೋಹನ ಮಾಳವೀಯ ಕ್ಯಾನ್ಸರ್ ಕೇಂದ್ರವಿದೆ. ಊರಿನ ಇನ್ನೊಂದು ಕಡೆ, ಲಹರ್‌ತಾರಾದಲ್ಲಿ, ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ. 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಇವೆರಡನ್ನೂ ನಡೆಸುವುದು ಮುಂಬೈಯ ಟಾಟಾ ಮೆಮೋರಿಯಲ್ ಸೆಂಟರ್. ಅದಕ್ಕೂ ಮೊದಲು ಪೂರ್ವ ಉತ್ತರ ಪ್ರದೇಶ ಮತ್ತು ಬಿಹಾರದ ಎಷ್ಟೋ ರೋಗಿಗಳು ಚಿಕಿತ್ಸೆಗೆಂದು ಮುಂಬೈಯ ರೈಲು ಹತ್ತುತ್ತಿದ್ದರು.

ಹೀಗೆ ಒಂದೇ ಊರಿನಲ್ಲಿ ಸಾವಿನ ಎರಡು ಲೆಕ್ಕಗಳಿವೆ. ಘಾಟಿನಲ್ಲಿ ಮುಖ್ಯವಾಗುವುದು ಎಲ್ಲಿ ಸತ್ತರು, ಎಲ್ಲಿ ಸುಟ್ಟರು ಎನ್ನುವುದು. ಆಸ್ಪತ್ರೆಯಲ್ಲಿ ಮುಖ್ಯವಾಗುವುದು ಚಿಕಿತ್ಸೆ ಶುರುವಾದ ಮೇಲೆ ಎಷ್ಟು ತಿಂಗಳು ಬದುಕಿದರು ಎನ್ನುವುದು. ನಾನಿಲ್ಲಿ ಹೇಳಹೊರಟಿರುವುದು ಈ ಎರಡನೆಯ ಲೆಕ್ಕದ ಒಂದು ಕಥೆ. ಹರಡಿಬಿಟ್ಟ ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣವನ್ನೂ ಇಮ್ಯುನೋಥೆರಪಿಯನ್ನೂ ಜೋಡಿಸಿ ನೋಡಿದ ಆ ಪರೀಕ್ಷೆ ಸೋತಿತು ಎಂದು ದಾಖಲಾಗಿದೆ. ಆದರೆ ಅದು ಸೋತ ರೀತಿಯನ್ನು ಅರಿಯದಿದ್ದರೆ, ಇವತ್ತು ಆ ಹೆಸರಿನಲ್ಲಿ ರೋಗಿಗಳ ಮುಂದಿಡುವ ಭರವಸೆಯನ್ನು ತೂಗಿ ನೋಡಲು ಆಗುವುದಿಲ್ಲ.

ಈ ಎರಡು ಚಿಕಿತ್ಸೆಗಳು ಹುಟ್ಟಿದ್ದು ಬಹುತೇಕ ಒಂದೇ ಕಾಲದಲ್ಲಿ. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಕ್ಯಾನ್ಸರ್ ಗಡ್ಡೆಯಿದ್ದ ರೋಗಿಗೆ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿದ. ಸೋಂಕಿನ ಜ್ವರ ಬಂದ ಕೆಲವರಲ್ಲಿ ಗಡ್ಡೆ ಕರಗಿದ್ದ ಹಳೆಯ ದಾಖಲೆಗಳು ಅವನಿಗೆ ಸಿಕ್ಕಿದ್ದವು. ನಾಲ್ಕು ವರ್ಷದ ನಂತರ, 1895ರಲ್ಲಿ, ರೋಂಟ್ಜೆನ್ ಎಕ್ಸ್-ರೇ ಕಂಡುಹಿಡಿದ. ಕೋಲಿಯ ವಿಧಾನ ಒಮ್ಮೆ ಫಲಿಸಿದರೆ ಇನ್ನೊಮ್ಮೆ ಇಲ್ಲ. ವಿಕಿರಣವನ್ನಾದರೆ ಅಳೆದು ಕೊಡಬಹುದಿತ್ತು. ಕೋಲಿಯ ಆಸ್ಪತ್ರೆಯಲ್ಲೇ ಇದ್ದ ಪ್ರಭಾವಿ ರೋಗತಜ್ಞ ಜೇಮ್ಸ್ ಯೂಯಿಂಗ್ ವಿಕಿರಣದ ಪರ ನಿಂತ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಯೋಚನೆ ದಶಕಗಳ ಕಾಲ ಮೂಲೆಗೆ ಸರಿಯಿತು.

ಇವೆರಡನ್ನು ಮತ್ತೆ ಹತ್ತಿರ ತಂದದ್ದು ಒಂದು ಪದ. 1953ರಲ್ಲಿ ಬ್ರಿಟನ್ನಿನ ಆರ್. ಎಚ್. ಮೋಲ್, ವಿಕಿರಣ ಬಿದ್ದ ಜಾಗದಿಂದ ದೂರದಲ್ಲಿ ಕಾಣುವ ಪರಿಣಾಮಕ್ಕೆ ‘ಆಬ್‌ಸ್ಕೋಪಲ್’ ಎಂದು ಹೆಸರಿಟ್ಟ. ‘ಆಬ್’ ಲ್ಯಾಟಿನ್, ‘ದೂರ’ ಎಂದರ್ಥ. ‘ಸ್ಕೋಪೋಸ್’ ಗ್ರೀಕ್, ಬಾಣ ಬಿಡುವವನ ಗುರಿ. ಕನ್ನಡದಲ್ಲಿ ‘ಗುರಿಯಾಚೆಗಿನ ಪರಿಣಾಮ’ ಎನ್ನಬಹುದು. ಬೆನ್ನುಮೂಳೆಯ ಗಡ್ಡೆಗೆ ವಿಕಿರಣ ಕೊಟ್ಟರೆ, ಕಿರಣ ತಾಗದ ಶ್ವಾಸಕೋಶದ ಗಡ್ಡೆಯೂ ಕುಗ್ಗುವುದು. ಇದು ತೀರಾ ಅಪರೂಪ. ಆದರೂ ಒಂದು ವಿವರಣೆ ರೂಪುಗೊಂಡಿತು: ಕಿರಣದಿಂದ ಒಡೆದ ಕ್ಯಾನ್ಸರ್ ಕೋಶಗಳ ಚೂರುಗಳು ಚೆಲ್ಲುತ್ತವೆ, ರೋಗನಿರೋಧಕ ಕೋಶಗಳು ಅವುಗಳಿಂದ ವೈರಿಯ ಗುರುತು ಹಿಡಿಯುತ್ತವೆ, ಆಮೇಲೆ ಬೇರೆಡೆಯೂ ಹುಡುಕಿ ಹೊಡೆಯುತ್ತವೆ.

ಹಾಗಿದ್ದರೆ ಪ್ರತಿ ರೋಗಿಯಲ್ಲೂ ಹೀಗಾಗಬೇಕಿತ್ತಲ್ಲ? ಆಗದಿರಲು ಒಂದು ಕಾರಣ, ನಮ್ಮ ಟಿ-ಕೋಶಗಳಿಗೆ ಬ್ರೇಕುಗಳಿವೆ. ಸಿಟಿಎಲ್ಎ-4 ಎಂಬ ಬ್ರೇಕನ್ನು ತಡೆದರೆ ಇಲಿಗಳಲ್ಲಿ ಗಡ್ಡೆ ಕರಗುತ್ತದೆಂದು ಜೇಮ್ಸ್ ಆಲಿಸನ್ ತಂಡ 1996ರಲ್ಲಿ ತೋರಿಸಿತು. ಆಲಿಸನ್‌ಗೆ 2018ರ ನೊಬೆಲ್‌ನಲ್ಲಿ ಪಾಲು ಬಂತು. ಆ ಬ್ರೇಕು ಬಿಡಿಸುವ ಔಷಧ ಇಪಿಲಿಮುಮಾಬ್ 2011ರಲ್ಲಿ ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಮಂಜೂರಾಯಿತು. ಮರುವರ್ಷವೇ, ಈ ಔಷಧ ಪಡೆಯುತ್ತಿದ್ದ ಮೆಲನೋಮಾ ರೋಗಿಯೊಬ್ಬರಲ್ಲಿ ಒಂದು ಗಡ್ಡೆಗೆ ವಿಕಿರಣ ಕೊಟ್ಟ ಮೇಲೆ ಉಳಿದವೂ ಕುಗ್ಗಿದ ವರದಿ ಬಂತು.

ಪ್ರಾಸ್ಟೇಟ್ ಕ್ಯಾನ್ಸರಿನ ದಾರಿ ಬೇರೆ. ಅದು ಗಂಡಸಿನ ಹಾರ್ಮೋನನ್ನು ತಿಂದು ಬೆಳೆಯುತ್ತದೆಂದು, ವೃಷಣ ತೆಗೆದರೆ ಕುಗ್ಗುತ್ತದೆಂದು ಶಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದ. ಇವತ್ತಿಗೂ ಚಿಕಿತ್ಸೆಯ ಬುನಾದಿ ಅದೇ. ಆದರೆ ಕೆಲವು ವರ್ಷಗಳಲ್ಲಿ ರೋಗ ಹಾರ್ಮೋನಿಲ್ಲದೆಯೂ ಬೆಳೆಯುವುದನ್ನು ಕಲಿತು ಮೂಳೆಗೆ ಇಳಿಯುತ್ತದೆ. ಮೂಳೆನೋವಿಗೆ 8 ಗ್ರೇ ವಿಕಿರಣವನ್ನು ಒಂದೇ ಸಲಕ್ಕೆ ಕೊಡುವುದು ಎಲ್ಲೆಡೆಯ ರೂಢಿ. ನಮ್ಮಲ್ಲಿ ಇದಕ್ಕೆ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹಿಂದಿ ಸೀಮೆಯಲ್ಲಿ ‘ಸಿಕಾಯಿ’, ಅಂದರೆ ಶಾಖ ಕೊಡುವುದು. ನೋವಿಗೆಂದು ಹೇಗೂ ಕೊಡುವ ಈ ಶಾಖವನ್ನೇ ರೋಗನಿರೋಧಕ ಕೋಶಗಳಿಗೆ ಪಾಠವನ್ನಾಗಿ ಮಾಡಲು ಸಾಧ್ಯವೇ? ಸಿಎ184-043 ಎಂಬ ಪರೀಕ್ಷೆಯ ಹಿಂದಿದ್ದ ಯೋಚನೆ ಇದು.

2009ರ ಮೇಯಿಂದ 2012ರ ಫೆಬ್ರವರಿವರೆಗೆ 799 ಗಂಡಸರು ಸೇರಿದರು. ಎಲ್ಲರಿಗೂ ರೋಗ ಮೂಳೆಗೆ ಹರಡಿತ್ತು, ಕೀಮೋಥೆರಪಿಯನ್ನೂ ಮೀರಿತ್ತು. ಒಂದರಿಂದ ಐದು ಮೂಳೆಗಡ್ಡೆಗಳಿಗೆ ವಿಕಿರಣ ಕೊಟ್ಟರು. ಆಮೇಲೆ ಚೀಟಿ ಎತ್ತಿದ ಹಾಗೆ 399 ಜನರಿಗೆ ಇಪಿಲಿಮುಮಾಬ್, 400 ಜನರಿಗೆ ಔಷಧವಿಲ್ಲದ ದ್ರಾವಣ. ಫಲಿತಾಂಶ 2014ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂತು. ಬದುಕಿದ ಅವಧಿಯ ಮಧ್ಯಾಂಕ ಒಂದು ಗುಂಪಿನಲ್ಲಿ 11.2 ತಿಂಗಳು, ಇನ್ನೊಂದರಲ್ಲಿ 10.0. ಈ ವ್ಯತ್ಯಾಸ ಆಕಸ್ಮಿಕವಲ್ಲ ಎನ್ನಲು ಅಂಕಿ 0.05ಕ್ಕಿಂತ ಕೆಳಗಿರಬೇಕಿತ್ತು, ಬಂದದ್ದು 0.053. ಪರೀಕ್ಷೆ ಸೋತಿತು. ಔಷಧದ ವಿಷಪರಿಣಾಮದಿಂದ ನಾಲ್ವರು ಸತ್ತಿದ್ದರು.

ಮಧ್ಯಾಂಕ ಎಂದರೆ ಸಾಲಾಗಿ ನಿಂತವರಲ್ಲಿ ನಡುವಿನವನ ಅಂಕಿ. ಸಾಲಿನ ಎರಡು ತುದಿಗಳಲ್ಲಿ ಏನಾಯಿತೆಂದು ಅದು ಹೇಳುವುದಿಲ್ಲ. ಇಲ್ಲಿ ಎರಡು ತುದಿಗಳೂ ವಿಚಿತ್ರವಾಗಿದ್ದವು. ಮೊದಲ ಐದು ತಿಂಗಳಲ್ಲಿ ಔಷಧ ಪಡೆದವರಲ್ಲೇ ಸಾವಿನ ಅಪಾಯ ಹೆಚ್ಚು, ಸುಮಾರು ಒಂದೂವರೆ ಪಟ್ಟು. ಅದಾದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು: ಅದೇ ಗುಂಪಿನ ಅಪಾಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. 2020ರಲ್ಲಿ ದೀರ್ಘಾವಧಿಯ ಲೆಕ್ಕ ಹೊರಬಂದಾಗ, ಐದು ವರ್ಷದ ನಂತರ ಉಳಿದವರು ಔಷಧದ ಗುಂಪಿನಲ್ಲಿ ಶೇ. 7.9, ಇನ್ನೊಂದರಲ್ಲಿ ಶೇ. 2.7. ಒಟ್ಟಿನಲ್ಲಿ, ಈ ಔಷಧದಿಂದ ಕೆಲವರ ಸಾವು ಬೇಗ ಬಂದಿರಬಹುದು, ಕೆಲವರಿಗೆ ವರ್ಷಗಳೇ ಸಿಕ್ಕಿರಬಹುದು, ಬಹುಪಾಲು ಜನರಿಗೆ ಏನೂ ಆಗಲಿಲ್ಲ.

ಇನ್ನೊಂದು ಮಾತಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಇಲ್ಲಿ 799 ಜನರೂ ವಿಕಿರಣ ಪಡೆದಿದ್ದರು. ವಿಕಿರಣವಿಲ್ಲದೆ ಔಷಧವನ್ನಷ್ಟೇ ಪಡೆದ ಗುಂಪೇ ಇರಲಿಲ್ಲ. ಆದ್ದರಿಂದ ಕಿರಣ ನಿಜವಾಗಿ ಪಾಠ ಕಲಿಸಿತೇ ಎಂಬ ಮೂಲ ಪ್ರಶ್ನೆಗೆ ಈ ಪರೀಕ್ಷೆ ಉತ್ತರ ಕೊಡಲಾರದು. ವಿಕಿರಣವಿಲ್ಲದೆ, ಕೀಮೋಥೆರಪಿಗೂ ಮೊದಲೇ, 602 ರೋಗಿಗಳಲ್ಲಿ ನಡೆದ ಮತ್ತೊಂದು ಪರೀಕ್ಷೆಯಲ್ಲಿ ಇಪಿಲಿಮುಮಾಬ್‌ನಿಂದ ಆಯಸ್ಸು ಹೆಚ್ಚಲಿಲ್ಲ. ಆದರೆ ಅವರು ಬೇರೆ ಹಂತದ ರೋಗಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ತೀರ್ಪು ಕೊಡಲಾಗದು. ಮುಂದೆ ರೇಡಿಯಂ-223 ಜೊತೆಗೆ ಅಟೆಜೋಲಿಜುಮಾಬ್ ಕೊಟ್ಟು ನೋಡಿದಾಗ ಅಡ್ಡಪರಿಣಾಮವೇ ಹೆಚ್ಚಾಯಿತು, ಸ್ಪಷ್ಟ ಲಾಭ ಕಾಣಲಿಲ್ಲ. ಈಗ ಪ್ರಾಸ್ಟೇಟ್ ಕೋಶಗಳನ್ನೇ ಹುಡುಕಿಹೋಗುವ ಲುಟೇಶಿಯಂ-177 ಪಿಎಸ್ಎಂಎ ಜೊತೆ ಇಮ್ಯುನೋಥೆರಪಿಯ ಪರೀಕ್ಷೆಗಳು ನಡೆದಿವೆ, ಆಸ್ಟ್ರೇಲಿಯಾದಲ್ಲಿ ವಿಶೇಷವಾಗಿ. ಪ್ರಾಸ್ಟೇಟ್ ಗಡ್ಡೆಯೊಳಗೆ ಟಿ-ಕೋಶಗಳೇ ವಿರಳವಾಗಿರುವುದು ಈ ಎಲ್ಲರಿಗೂ ಎದುರಾಗುವ ತೊಡಕು.

ಇಂಥ ಪರೀಕ್ಷೆಗಳ ಮಾಹಿತಿಪತ್ರಗಳನ್ನು ಅನುವಾದಿಸುವವರಿಗೆ ಮೊದಲ ಸಾಲಲ್ಲೇ ಕಷ್ಟ ಶುರು. ‘ಪ್ರಯೋಗ’ ಎಂದು ಬರೆದರೆ ರೋಗಿ ತಾನು ಇಲಿಯಾದೆ ಎಂದುಕೊಳ್ಳುತ್ತಾನೆ. ‘ಪರೀಕ್ಷೆ’ ಎಂದರೆ ರಕ್ತಪರೀಕ್ಷೆ ಎಂದುಕೊಳ್ಳುತ್ತಾನೆ. ‘ಹೊಸ ಚಿಕಿತ್ಸೆ’ ಎಂದರೆ ವಾಸಿಯಾಗುತ್ತದೆ ಎಂದುಕೊಳ್ಳುತ್ತಾನೆ. ಮೂರನೆಯದೇ ಹೆಚ್ಚು ಅಪಾಯದ್ದು. ಏಕೆಂದರೆ ದುಬಾರಿ ಔಷಧಕ್ಕಾಗಿ ಹೊಲ ಮಾರುವ ಮನೆಯವರ ಕಿವಿಗೆ ಬೀಳುವುದು ಆ ಪದವೇ.

ಬೆಲೆಯ ಪ್ರಶ್ನೆಗೆ ನಮ್ಮ ದೇಶದ್ದೇ ಒಂದು ಉತ್ತರವಿದೆ, ಬೇರೆ ಕ್ಯಾನ್ಸರಿನಲ್ಲಿ. ಮುಂಬೈಯ ಟಾಟಾ ವೈದ್ಯರು ಬಾಯಿ-ಗಂಟಲಿನ ಕ್ಯಾನ್ಸರಿನ 151 ರೋಗಿಗಳಲ್ಲಿ, ಕಡಿಮೆ ಖರ್ಚಿನ ಮಾತ್ರೆಗಳ ಜೊತೆ ನಿವೊಲುಮಾಬ್ ಔಷಧವನ್ನು ರೂಢಿಯ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಸಲಕ್ಕೆ 20 ಮಿಲಿಗ್ರಾಂ ಮಾತ್ರ, ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರು ಶೇ. 16.3ರಿಂದ 43.4ಕ್ಕೆ ಏರಿದರು. ಪ್ರಾಸ್ಟೇಟಿಗೆ ಇದು ಅನ್ವಯವಾಗುತ್ತದೆಂದು ಹೇಳಲಾಗದು. ಆದರೆ ಬಡದೇಶದ ಪ್ರಶ್ನೆಯನ್ನು ಬಡದೇಶದ ಆಸ್ಪತ್ರೆಯೇ ಕೇಳಿದರೆ ಉತ್ತರ ಬೇರೆಯಾಗಿ ಬರಬಹುದೆಂದು ಅದು ತೋರಿಸಿತು.

ಮನೆಯ ಹಿರಿಯರಿಗೆ ಯಾರಾದರೂ ‘ಇಮ್ಯುನೋಥೆರಪಿ ಸೇರಿಸೋಣ’ ಎಂದರೆ ಕೇಳಬೇಕಾದ ಪ್ರಶ್ನೆಗಳು ಈ ಇತಿಹಾಸದಲ್ಲೇ ಇವೆ. ಈ ಕ್ಯಾನ್ಸರಿನಲ್ಲಿ, ಈ ಹಂತದಲ್ಲಿ ಪರೀಕ್ಷೆಯಾಗಿದೆಯೇ? ಗಡ್ಡೆಯಲ್ಲಿ ಎಂಎಸ್ಐ ಎಂಬ ಜೀನ್ ಗುರುತು ಇದೆಯೇ ಎಂದು ನೋಡಿದ್ದೀರಾ? ನೂರಕ್ಕೆ ಕೆಲವರಲ್ಲಷ್ಟೇ ಅದು ಇರುತ್ತದೆ, ಇದ್ದರೆ ಔಷಧ ಫಲಿಸುವ ಸಾಧ್ಯತೆ ಹೆಚ್ಚು. ಮೊದಲ ಐದು ತಿಂಗಳ ಅಪಾಯವೇನು? ಐದು ವರ್ಷ ಉಳಿದವರು ನೂರಕ್ಕೆ ಎಂಟು ಜನ. ಆ ಎಂಟು ಮಂದಿಯನ್ನು ಮೊದಲೇ ಗುರುತಿಸುವುದು ಹೇಗೆಂದು ತಿಳಿಯುವವರೆಗೆ, ಉಳಿದ ತೊಂಬತ್ತೆರಡು ಜನರಿಗೆ ಆ ಲೆಕ್ಕವನ್ನು ಅವರ ಭಾಷೆಯಲ್ಲಿ, ಮುಚ್ಚುಮರೆಯಿಲ್ಲದೆ ಹೇಳುವುದೂ ಚಿಕಿತ್ಸೆಯ ಭಾಗವೇ.